ನಡುರಾತ್ರಿ ಹಾಲಿನ ಟ್ಯಾಂಕ್ ಕಾಯುವವರು ಯಾರು?



ಸಂಜೆ ನೀವು ಸಂಘಕ್ಕೆ ಹಾಕಿದ ಹಾಲು ಬಿ.ಎಂ.ಸಿ. ಟ್ಯಾಂಕ್ ಸೇರುತ್ತದೆ. ಆಗಷ್ಟೇ ಕರೆದ ಹಾಲು ಹಸುವಿನ ಮೈಯಷ್ಟೇ ಬಿಸಿ, ಸುಮಾರು 38 ಡಿಗ್ರಿ ಇರುತ್ತದೆ. ಆ ಬಿಸಿಯಲ್ಲಿ ಕೆಲವು ಬ್ಯಾಕ್ಟೀರಿಯಾಗಳು 20-30 ನಿಮಿಷಕ್ಕೊಮ್ಮೆ ದುಪ್ಪಟ್ಟಾಗುತ್ತವೆ. 4 ಡಿಗ್ರಿಗೆ ತಂಪು ಮಾಡಿದರೆ ಅವುಗಳ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಟ್ಯಾಂಕಿನಲ್ಲಿ ಎಲ್ಲರ ಹಾಲೂ ಒಂದಾಗಿರುವುದರಿಂದ, ರಾತ್ರಿ ಕರೆಂಟ್ ಹೋಗಿ ಹಾಲು ಕೆಟ್ಟರೆ ನಷ್ಟವೂ ಎಲ್ಲರದು.

ಇದನ್ನು ತಡೆಯಲು ಬಂದಿರುವುದೇ ದೂರದಿಂದ ನಿಗಾ ಇಡುವ ವ್ಯವಸ್ಥೆ. ಇದಕ್ಕೆ ‘ಸ್ಕಾಡಾ’ ಎನ್ನುತ್ತಾರೆ. ಇದರ ಕೆಲಸ ನಾಲ್ಕು:

1. ನೋಡುವುದು: ಟ್ಯಾಂಕಿನಲ್ಲಿರುವ ಸೆನ್ಸಾರ್ ಹಾಲಿನ ಬಿಸಿಯನ್ನು ಅಳೆಯುತ್ತಲೇ ಇರುತ್ತದೆ.

2. ನಿರ್ಧರಿಸುವುದು: ಬಿಸಿ ಏರಿದರೆ ಕಂಟ್ರೋಲರ್ ಕಂಪ್ರೆಸರ್ ಚಾಲೂ ಮಾಡುತ್ತದೆ, ಸಾಕಷ್ಟು ತಂಪಾದರೆ ನಿಲ್ಲಿಸುತ್ತದೆ.

3. ತಿಳಿಸುವುದು: ಮೊಬೈಲಿನಲ್ಲಿರುವಂಥದೇ ಸಿಮ್ ಮೂಲಕ ದೂರದ ಕಚೇರಿಯ ಪರದೆಗೆ ಲೆಕ್ಕ ಕಳಿಸುತ್ತದೆ. ಮಿತಿ ಮೀರಿದರೆ ಎಚ್ಚರಿಕೆಯ ಸಂದೇಶ ಬರುತ್ತದೆ.

4. ನಡೆಸುವುದು: ಅಲ್ಲಿ ಕುಳಿತವರು ಅಲ್ಲಿಂದಲೇ ಯಂತ್ರಕ್ಕೆ ಆಜ್ಞೆ ಕೊಡಬಹುದು.

ನಮ್ಮ ಕೃಷ್ಣೆಯ ನೀರಿಗೂ ಇದೇ ಪದ್ಧತಿ ಬಂದಿದೆ. ಆಲಮಟ್ಟಿಯ ಕೆಳಗಿರುವ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆಯಲ್ಲಿ ಸ್ಕಾಡಾ ಗೇಟುಗಳಿವೆ. ಕಾಲುವೆಯ ಈ ಆಧುನೀಕರಣ ಯೋಜನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು. ಸೆನ್ಸಾರ್ ನೀರಿನ ಮಟ್ಟ ಹೇಳುತ್ತದೆ, ಕಚೇರಿಯ ಆಜ್ಞೆಯಂತೆ ಮೋಟಾರ್ ಗೇಟನ್ನು ಏರಿಸಿ ಇಳಿಸುತ್ತದೆ.

ಆದರೆ ಯಂತ್ರಕ್ಕೆ ಕಾಣುವುದು ಸೆನ್ಸಾರ್ ಅಳೆದಷ್ಟೇ. ಬಿಸಿ ಅಳೆಯುವ ಸೆನ್ಸಾರಿಗೆ ಸಗಣಿ ತಾಗಿದ ಕೈ, ತೊಳೆಯದ ಕ್ಯಾನ್, ಕೆಚ್ಚಲು ಬಾವು ಬಂದ ಹಸುವಿನ ಹಾಲು ಯಾವುದೂ ತಿಳಿಯದು. ತಂಪು ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ನಿಧಾನ ಮಾಡುತ್ತದೆ ಅಷ್ಟೇ. ಕೆಚ್ಚಲು ತೊಳೆದು ಒರೆಸಿ, ಶುದ್ಧ ಪಾತ್ರೆಯಲ್ಲಿ ಕರೆದು, ತಡಮಾಡದೆ ಸಂಘಕ್ಕೆ ತರುವ ಕೆಲಸ ನಮ್ಮದೇ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಬಿಸಿಲು ನಿಮಗೆ ಗೊತ್ತೇ ಇದೆ. ಬೇಸಿಗೆಗೆ ಮುನ್ನ ಸಂಘದ ಸಭೆಯಲ್ಲಿ ಈ ನಾಲ್ಕು ಪ್ರಶ್ನೆ ಕೇಳಿ:

• ನಮ್ಮ ಟ್ಯಾಂಕಿಗೆ ದೂರದ ನಿಗಾ ಇದೆಯೇ? ಇಲ್ಲದಿದ್ದರೆ ರಾತ್ರಿ ನೋಡುವವರು ಯಾರು?
• ಎಚ್ಚರಿಕೆಯ ಸಂದೇಶ ಯಾರ ಮೊಬೈಲಿಗೆ ಬರುತ್ತದೆ? ಅವರು ಊರಲ್ಲಿ ಇಲ್ಲದಾಗ ಯಾರಿಗೆ?
• ಕರೆಂಟ್ ಹೋದಾಗ ಸಂದೇಶ ಕಳಿಸುವ ಪೆಟ್ಟಿಗೆಗೆ ಬ್ಯಾಟರಿ ಇದೆಯೇ?
• ಜನರೇಟರಿನಲ್ಲಿ ಡೀಸೆಲ್ ಇದೆಯೇ?

ಯಂತ್ರ ಕೂಗಿ ಹೇಳಬಲ್ಲದು. ಎದ್ದು ಹೋಗಿ ಹಾಲು ಉಳಿಸುವವರು ಮನುಷ್ಯರೇ. ಕೇಳುವ ಹಕ್ಕು ಹಾಲು ಹಾಕುವ ಪ್ರತಿ ಸದಸ್ಯೆಗೂ ಇದೆ.