ಹೊಸ ಬುಲೆಟ್ಟೊ, ಹಳೆಯದೊ: ಸೊಂಟ ಕೇಳುವ ಪ್ರಶ್ನೆ

ಚೆನ್ನೈಗೆ ಕೆಲಸಕ್ಕೆ ಹೋದ ನಮ್ಮ ಹುಡುಗರು ಕೈಯಲ್ಲಿ ನಾಲ್ಕು ಕಾಸು ಕೂಡಿತೆಂದರೆ ಕೇಳುವ ಪ್ರಶ್ನೆ ಒಂದಿದೆ. ಬುಲೆಟ್ ತಗೋಬೇಕು, ಹೊಸದು ತಗೊಳ್ಳಲಾ, ಸೆಕೆಂಡ್ ಹ್ಯಾಂಡ್ ಸಾಕಾ? ಬೇರೆ ಊರಿನಲ್ಲಿ ಇದು ಬರೀ ದುಡ್ಡಿನ ಪ್ರಶ್ನೆ. ಚೆನ್ನೈನಲ್ಲಿ ಹಾಗಲ್ಲ. 1955ರಲ್ಲಿ ಮದ್ರಾಸ್ ಮೋಟಾರ್ಸ್ ಕಂಪನಿ ಇಂಗ್ಲೆಂಡಿನ ರೆಡ್ಡಿಚ್‌ನ ರಾಯಲ್ ಎನ್‌ಫೀಲ್ಡ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ಅಂದಿನಿಂದ ಬುಲೆಟ್ ಈ ಊರಿನ ಗಾಡಿ. ರೆಡ್ಡಿಚ್‌ನ ಕಾರ್ಖಾನೆ ಮುಚ್ಚಿಹೋಯಿತು, ಚೆನ್ನೈನ ತಿರುವೊಟ್ರಿಯೂರಿನದು ನಡೆಯಿತು. ಈಗ ಹೊಸ ಗಾಡಿಗಳು ಬಹುಪಾಲು ನಗರದ ನೈರುತ್ಯಕ್ಕಿರುವ ಒರಗಡಂ ಮತ್ತು ವಲ್ಲಂ ವಡಗಲ್ ಕಾರ್ಖಾನೆಗಳಿಂದ ಬರುತ್ತವೆ. ಹಳೆಯ ಗಾಡಿಗಳ ಬಿಡಿಭಾಗ ಬೇಕೆಂದರೆ ಎಗ್ಮೋರಿನ ಪಕ್ಕದ ಪುದುಪೇಟೆಗೆ ಹೋದರಾಯಿತು. ಎಪ್ಪತ್ತರ ದಶಕದ ಎರಕದ ಕಬ್ಬಿಣದ ಎಂಜಿನ್ನಿನಿಂದ ಹಿಡಿದು ನಿನ್ನೆ ಷೋರೂಮಿನಿಂದ ಇಳಿದ ಗಾಡಿಯವರೆಗೆ, ಒಂದೇ ಹೆಸರಿನ ಎಲ್ಲ ತಲೆಮಾರುಗಳೂ ಒಂದೇ ರಸ್ತೆಯಲ್ಲಿ ಓಡುವ ಊರು ಇದು.

ಮೈಲೇಜು, ರೀಸೇಲ್ ಬೆಲೆಯ ಲೆಕ್ಕ ಹಾಕುವವರು ಬೇಕಾದಷ್ಟಿದ್ದಾರೆ. ನಾನು ಇಲ್ಲಿ ಸವಾರಿಯ ಸುಖವೊಂದನ್ನೇ ನೋಡುತ್ತೇನೆ. ಇಡೀ ಲೇಖನದಲ್ಲಿ ನಾನು ಹೇಳಬೇಕಾದದ್ದೂ ಒಂದೇ: ಗಾಡಿ ಒರಟಾಗಿದೆ ಎಂದರೆ ಅದಕ್ಕೆ ಎರಡು ಬಗೆಯ ಕಾರಣಗಳಿರುತ್ತವೆ. ಒಂದು ಸವೆತ, ಇನ್ನೊಂದು ವಿನ್ಯಾಸ. ಸವೆತವನ್ನು ಕೆಲವು ಸಾವಿರ ರೂಪಾಯಿಯಲ್ಲಿ ಸರಿಪಡಿಸಬಹುದು. ವಿನ್ಯಾಸವನ್ನು ಎಷ್ಟು ಸುರಿದರೂ ಬದಲಿಸಲಾಗದು. ಹೊಸ ಗಾಡಿಯ ದುಡ್ಡು ಕೊಡಬೇಕಾದದ್ದು ಎರಡನೆಯದಕ್ಕೆ ಮಾತ್ರ.

ಮೊದಲು ರಸ್ತೆಯ ಏಟು. ಕುಳಿತ ಮನುಷ್ಯನ ದೇಹ ಮೇಲೆ ಕೆಳಗಿನ ಅಲುಗಾಟಕ್ಕೆ ಅತಿ ಹೆಚ್ಚು ಸ್ಪಂದಿಸುವುದು ಸೆಕೆಂಡಿಗೆ ಸುಮಾರು ನಾಲ್ಕರಿಂದ ಎಂಟು ಸಲದ ಕಂಪನಕ್ಕೆ. ಹೊಟ್ಟೆ, ಬೆನ್ನುಹುರಿ, ಭುಜ ಆ ಲಯಕ್ಕೆ ಸಿಕ್ಕರೆ ಸೀಟು ಅಲುಗಿದ್ದಕ್ಕಿಂತ ಹೆಚ್ಚು ತಾವೇ ಅಲುಗುತ್ತವೆ. ಈಗ ಚೆನ್ನೈನ ರಸ್ತೆ ನೆನಪಿಸಿಕೊಳ್ಳಿ. ಸುಮಾರು 119 ಕಿಲೋಮೀಟರ್ ಉದ್ದದ ಮೆಟ್ರೊ ಎರಡನೇ ಹಂತಕ್ಕಾಗಿ ಮೈಲಾಪುರ, ವಡಪಳನಿ, ಪೋರೂರು ಕಡೆಯ ರಸ್ತೆಗಳನ್ನು ವರ್ಷಗಟ್ಟಲೆ ಅಗೆದು, ಮುಚ್ಚಿ, ತಿರುಗಿಸಿದ್ದಾರೆ. ಅಲ್ಲಿ ತೇಪೆಯ ಉಬ್ಬುಗಳು ಮೀಟರಿಗೆ ಒಂದರಂತೆ ಬಂದವೆನ್ನಿ. ನೀವು ಟ್ರಾಫಿಕ್ಕಿನಲ್ಲಿ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ತೆವಳುತ್ತಿದ್ದರೆ ಸೆಕೆಂಡಿಗೆ ಐದು ಮೀಟರ್ ಸಾಗುತ್ತೀರಿ, ಸೆಕೆಂಡಿಗೆ ಐದು ಏಟು ತಿನ್ನುತ್ತೀರಿ. ಅಂದರೆ ದೇಹಕ್ಕೆ ಯಾವ ಲಯ ಆಗದೋ ಸರಿಯಾಗಿ ಅದೇ ಲಯ. ನಿಧಾನಕ್ಕೆ ಹೋದರೂ ಸೊಂಟ ಯಾಕೆ ಹಿಡಿಯುತ್ತದೆ ಎಂದು ಗೊಣಗುವವರಿಗೆ ಉತ್ತರ ಇಲ್ಲಿದೆ.

ಈ ಏಟು ಬೆನ್ನಿಗೆ ತಲುಪದಂತೆ ತಡೆಯಲು ಗಾಡಿಯಲ್ಲಿ ನಾಲ್ಕು ಕಾವಲುಗಳಿವೆ: ಟೈರಿನ ಗಾಳಿ, ಸ್ಪ್ರಿಂಗು, ಶಾಕ್ ಅಬ್ಸಾರ್ಬರಿನ ಎಣ್ಣೆ, ಸೀಟಿನ ಫೋಮು. ಬುಲೆಟ್ಟಿಗೆ ಈ ವಿಷಯದಲ್ಲಿ ದೊಡ್ಡ ಇತಿಹಾಸವೇ ಇದೆ. ಬಹುಪಾಲು ಬೈಕುಗಳ ಹಿಂಚಕ್ರವನ್ನು ಚಾಸಿಗೆ ಅಲುಗದಂತೆ ಬಿಗಿದು, ಸೀಟಿನ ಕೆಳಗೆ ಮಾತ್ರ ಸ್ಪ್ರಿಂಗು ಇಡುತ್ತಿದ್ದ ಕಾಲದಲ್ಲಿ, 1940ರ ದಶಕದ ಕೊನೆಗೇ ಅದು ಹಿಂಚಕ್ರವನ್ನು ಸ್ವಿಂಗ್ ಆರ್ಮ್ ಮೇಲೆ ತೂಗಿಬಿಟ್ಟಿತ್ತು.

ಶಾಕ್ ಅಬ್ಸಾರ್ಬರ್ ಎಂದಕೂಡಲೇ ಎಲ್ಲರ ಕಣ್ಣಿಗೆ ಬೀಳುವುದು ಹೊರಗಿನ ಸ್ಪ್ರಿಂಗು. ಏಟನ್ನು ಅದು ಹೀರುವುದಿಲ್ಲ, ಹಿಡಿದಿಟ್ಟುಕೊಂಡು ಮರುಕ್ಷಣ ವಾಪಸು ಕೊಡುತ್ತದೆ. ಬರೀ ಸ್ಪ್ರಿಂಗೊಂದೇ ಇದ್ದಿದ್ದರೆ ಒಂದು ಹಂಪ್ ದಾಟಿದ ಗಾಡಿ ಮುಂದಿನ ಸಿಗ್ನಲ್ಲಿನವರೆಗೂ ಕುಣಿಯುತ್ತಲೇ ಹೋಗುತ್ತಿತ್ತು. ಕುಣಿತವನ್ನು ನಿಲ್ಲಿಸುವುದು ಒಳಗಿನ ಎಣ್ಣೆ. ಕೊಳವೆಯೊಳಗೆ ಒಂದು ಪಿಸ್ಟನ್, ಅದರಲ್ಲಿ ಸಣ್ಣ ತೂತುಗಳು ಮತ್ತು ಕವಾಟಗಳು. ಚಕ್ರ ಏರಿಳಿದಾಗ ಎಣ್ಣೆ ಆ ತೂತುಗಳಲ್ಲಿ ನುಸುಳಬೇಕು. ಸಿರಿಂಜನ್ನು ಮೆಲ್ಲಗೆ ಒತ್ತಿದರೆ ಸಲೀಸು, ರಭಸದಿಂದ ಒತ್ತಿದರೆ ಹೆಬ್ಬೆರಳು ನೋಯುತ್ತದಲ್ಲ, ಅದೇ ನಿಯಮ ಇಲ್ಲೂ ನಡೆಯುತ್ತದೆ: ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು. ಕುಣಿತದ ಶಕ್ತಿಯೆಲ್ಲ ಎಣ್ಣೆಯ ಬಿಸಿಯಾಗಿ ಹೊರಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿಬಂದ ಗಾಡಿಯ ಶಾಕ್ಸ್ ಕೊಳವೆ ಬೆಚ್ಚಗಿರುವುದು ಅದಕ್ಕೇ.

ಹಳೆಯ ಗಾಡಿಯಲ್ಲಿ ಸಾಯುವುದೂ ಈ ಎಣ್ಣೆಯೇ. ಉಕ್ಕಿನ ಸ್ಪ್ರಿಂಗು ತನ್ನ ಮಿತಿಯೊಳಗೆ ಬಾಗುತ್ತಿರುವವರೆಗೆ ದಶಕಗಳ ಕಾಲ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಎಣ್ಣೆ ಮಾತ್ರ ಸಾವಿರಾರು ಸಲ ಸಣ್ಣ ತೂತಿನಲ್ಲಿ ಹಿಂಡಿಸಿಕೊಂಡು ತೆಳುವಾಗುತ್ತದೆ, ಗಾಳಿ ಬೆರೆತು ನೊರೆಯಾಗುತ್ತದೆ, ಸೀಲಿನಿಂದ ಸೋರುತ್ತದೆ. ಇದೆಲ್ಲ ಎಷ್ಟು ಮೆಲ್ಲಗೆ ನಡೆಯುತ್ತದೆ ಎಂದರೆ ದಿನವೂ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಆತ ಸುಳ್ಳು ಹೇಳುತ್ತಿಲ್ಲ. ‘ಗಾಡಿ ಬೆಣ್ಣೆ ಥರ ಇದೆ ಸಾರ್’ ಎನ್ನುವಾಗ ಅವನಿಗೆ ನಿಜಕ್ಕೂ ಹಾಗೇ ಅನ್ನಿಸಿರುತ್ತದೆ.

ಇದರ ಮೇಲೆ ಚೆನ್ನೈನ ಕಡಲು. ತಿರುವಾನ್ಮಿಯೂರು, ಬೆಸಂಟ್ ನಗರ, ಎಣ್ಣೂರು ಕಡೆ ಬಯಲಲ್ಲಿ ನಿಂತ ಗಾಡಿಗಳ ಮುಂದಿನ ಫೋರ್ಕ್ ಕೊಳವೆಯನ್ನು ಹತ್ತಿರದಿಂದ ನೋಡಬೇಕು. ಉಪ್ಪುಗಾಳಿಗೆ ಕ್ರೋಮಿನ ಹೊಳಪಿನ ನಡುವೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಏಳುತ್ತವೆ. ಕಣ್ಣಿಗೆ ಕಾಣದಿದ್ದರೂ ಉಗುರನ್ನು ಮೇಲಿನಿಂದ ಕೆಳಕ್ಕೆ ಎಳೆದರೆ ತಡವುತ್ತವೆ. ಫೋರ್ಕ್ ಒಂದೊಂದು ಸಲ ಒಳಹೋಗಿ ಹೊರಬಂದಾಗಲೂ ಆ ಚುಕ್ಕೆಯ ಅಂಚು ರಬ್ಬರ್ ಸೀಲನ್ನು ಕೆರೆಯುತ್ತದೆ. ಹೊಸ ಸೀಲು ಹಾಕಿಸಿದರೂ ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ, ಯಾಕೆಂದರೆ ಕೆಟ್ಟಿರುವುದು ಕೊಳವೆ. ಹೀಗಾಗಿ ಕೊಳ್ಳುವ ಮುನ್ನ ಉಗುರು ಎಳೆದು ನೋಡುವುದು ಓಡೋಮೀಟರ್ ನೋಡುವುದಕ್ಕಿಂತ ಮುಖ್ಯ ಎಂದು ನಾನು ಹೇಳುತ್ತೇನೆ.

ಟೈರಿನ ಮಾತಿಗೆ ಬಂದರೆ, ತಿರುವೊಟ್ರಿಯೂರಿನಲ್ಲೇ 1946ರಲ್ಲಿ ಆಟದ ಬಲೂನು ಮಾಡುತ್ತ ಶುರುವಾದ ಎಂಆರ್‌ಎಫ್ ಮುಂದೆ ಟೈರಿನ ದೊಡ್ಡ ಕಂಪನಿಯಾಯಿತು. ಬಲೂನಾಗಲಿ ಟೈರಾಗಲಿ ಕೆಲಸ ಮಾಡುವುದು ಒಳಗಿನ ಗಾಳಿಯೇ. ರಸ್ತೆಯ ಸಣ್ಣ ಜಲ್ಲಿಯ ಏಟು ಸ್ಪ್ರಿಂಗಿಗೆ ತಲುಪುವ ಮೊದಲೇ ಟೈರಿನಲ್ಲಿ ಕರಗಬೇಕು. ಗುಲ್ಮಾರ್ಗಿನ ಹಿಮದಲ್ಲಿ ಪ್ರವಾಸಿಗರು ಹತ್ತುವ ಸ್ನೋಮೊಬೈಲಿಗೆ ಈ ಭಾಗ್ಯವಿಲ್ಲ. ಮುಂದೆ ಸ್ಕೀ, ಹಿಂದೆ ರಬ್ಬರ್ ಪಟ್ಟಿ, ಎಲ್ಲೂ ಗಾಳಿ ತುಂಬಿದ ಟೈರಿಲ್ಲ. ಕೆನಡಾದ ಬಾಂಬಾರ್ಡಿಯರ್ 1959ರಲ್ಲಿ ಸ್ಕೀ-ಡೂ ತಂದಾಗಿನಿಂದ ಇಂದಿನವರೆಗೆ ಆ ಯಂತ್ರದ ಸುಧಾರಣೆಯಲ್ಲಿ ಸಸ್ಪೆನ್ಷನ್ನಿಗೆ ಇಷ್ಟು ಮಹತ್ವ ಬಂದದ್ದು ಅದರಿಂದಲೂ ಹೌದು. ನಮಗೆ ಟೈರೊಂದು ಹೆಚ್ಚಿನ ವರ. ಆದರೆ ಬಿಸಿಲಿಗೆ ಒಣಗಿ ಗಡುಸಾದ ಟೈರು, ಟ್ರೆಡ್ ಚೆನ್ನಾಗಿದ್ದರೂ, ಆ ಕೆಲಸ ಮಾಡದು. ಟೈರಿನ ಮಗ್ಗುಲಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಐದಾರು ವರ್ಷ ದಾಟಿದ್ದರೆ ಹೊಸ ಜೋಡಿ ಟೈರಿನ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಸವೆತದ ಕಥೆ. ಫೋರ್ಕ್ ಆಯಿಲ್, ಸೀಲು, ಹಿಂದಿನ ಶಾಕ್ಸ್ ಜೋಡಿ, ಸ್ವಿಂಗ್ ಆರ್ಮ್ ಬುಷ್, ಟೈರು, ಸೀಟಿನ ಫೋಮು. ಇವಿಷ್ಟನ್ನೂ ಹೊಸದಾಗಿ ಹಾಕಿದರೆ ಹತ್ತು ವರ್ಷದ ಗಾಡಿಯೂ ರಸ್ತೆಯ ಏಟನ್ನು ಬಹುಮಟ್ಟಿಗೆ ಹೊಸದರಂತೆಯೇ ತಡೆಯುತ್ತದೆ.

ಎಂಜಿನ್ನಿನ ನಡುಕ ಬೇರೆ ಜಾತಿಯದು. ಹಳೆಯ 346 ಸಿಸಿ ಬುಲೆಟ್ಟಿನಲ್ಲಿ ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ 90 ಮಿಲಿಮೀಟರ್ ಓಡಬೇಕು. ನಿಮಿಷಕ್ಕೆ 4,000 ಸುತ್ತಿನಲ್ಲಿ ಅದು ಪ್ರತಿ ತುದಿಯಲ್ಲೂ ನಿಂತು ಹಿಂತಿರುಗುವಾಗ ಅನುಭವಿಸುವ ವೇಗೋತ್ಕರ್ಷ ಸರಾಸರಿ ಗುರುತ್ವದ ಸುಮಾರು 800 ಪಟ್ಟು. ಕಾಲು ಕಿಲೋ ತೂಕದ ವಸ್ತು ಆ ಕ್ಷಣದಲ್ಲಿ 200 ಕಿಲೋ ಭಾರದಷ್ಟು ಜಗ್ಗುತ್ತದೆ, ಸೆಕೆಂಡಿಗೆ 60ಕ್ಕೂ ಹೆಚ್ಚು ಸುತ್ತಿನಂತೆ. ಇದನ್ನು ಸರಿದೂಗಿಸಲು ಕ್ರ್ಯಾಂಕಿಗೆ ಎದುರು ತೂಕ ಕಟ್ಟುತ್ತಾರೆ. ಪಿಸ್ಟನ್ ಮೇಲಿದ್ದಾಗ ಆ ತೂಕ ಕೆಳಗಿರುತ್ತದೆ, ಸರಿಹೋಯಿತು. ಆದರೆ ಪಿಸ್ಟನ್ ನಡುದಾರಿಯಲ್ಲಿದ್ದಾಗ ಎದುರು ತೂಕ ಮುಂದಕ್ಕೊ ಹಿಂದಕ್ಕೊ ಎಳೆಯುತ್ತದೆ, ಅದನ್ನು ತಡೆಯಲು ಯಾರೂ ಇಲ್ಲ. ಹಾಗಾಗಿ ಸುಮಾರು ಅರ್ಧ ಬಲಕ್ಕೆ ಮಾತ್ರ ಎದುರು ತೂಕ ಕಟ್ಟಿ, ಉಳಿದರ್ಧ ನಡುಕವನ್ನು ಸವಾರನ ಅಂಗೈ ಅಂಗಾಲಿಗೆ ಬಿಡುವುದು ಒಂಟಿ ಸಿಲಿಂಡರಿನ ಹಳೆಯ ರಾಜಿ.

ಆ ಉಳಿದರ್ಧ ಬಲ ಕ್ರ್ಯಾಂಕಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತುವ ಬಲದಂತೆ ವರ್ತಿಸುತ್ತದೆ ಎನ್ನುವುದು ಗಣಿತದ ಸೊಗಸು. ಅಂದಮೇಲೆ ಕ್ರ್ಯಾಂಕಿನಷ್ಟೇ ವೇಗದಲ್ಲಿ, ವಿರುದ್ಧ ದಿಕ್ಕಿಗೆ, ಭಾರವಿರುವ ಇನ್ನೊಂದು ದಂಡವನ್ನು ಸುತ್ತಿಸಿದರೆ ನಡುಕದ ಮುಖ್ಯ ಭಾಗ ಅಳಿಸಿಹೋಗುತ್ತದೆ. ಇದೇ ಬ್ಯಾಲೆನ್ಸರ್ ಶಾಫ್ಟ್. ರಾಯಲ್ ಎನ್‌ಫೀಲ್ಡ್‌ನ 350 ಸಿಸಿ ಗಾಡಿಗಳಿಗೆ ಇದು ಬಂದದ್ದು 2020ರ ನವೆಂಬರಿನ ಮೀಟಿಯರ್ ಮೂಲಕ. 349 ಸಿಸಿಯ ಅದೇ ಎಂಜಿನ್ 2021ರಲ್ಲಿ ಕ್ಲಾಸಿಕ್ಕಿಗೂ 2022ರಲ್ಲಿ ಹಂಟರಿಗೂ 2023ರಲ್ಲಿ ಬುಲೆಟ್ಟಿಗೂ ಬಂತು. ಅದಕ್ಕೂ ಮುಂಚಿನ ಕ್ಲಾಸಿಕ್ 350, 500 ಯಾವುದರಲ್ಲೂ ಇಲ್ಲ, ಎರಕದ ಕಬ್ಬಿಣದ ಎಂಜಿನ್ನಿನಲ್ಲಂತೂ ಇಲ್ಲವೇ ಇಲ್ಲ. ಪುದುಪೇಟೆಯ ಎಂಥ ಕೈಚಳಕದ ಮೆಕ್ಯಾನಿಕ್ಕೂ ಅದನ್ನು ಹಳೆಯ ಎಂಜಿನ್ನಿನೊಳಗೆ ಸೇರಿಸಲಾರ. ಆ ಹಳೆಯ ನಡುಕವನ್ನೇ ಪ್ರೀತಿಸುವವರು ಇದ್ದಾರೆ, ಅವರ ಪ್ರೀತಿ ದೊಡ್ಡದು. ಆದರೆ ಶನಿವಾರ ಬೆಳಗ್ಗೆ ಚೆನ್ನೈ ಬಿಟ್ಟು ರಾಣಿಪೇಟೆ, ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರಿಗೆ ಬರುವವರಿಗೆ ಆರೇಳು ಗಂಟೆ ಹ್ಯಾಂಡಲ್ ಹಿಡಿದ ಬೆರಳು ಜೋಮು ಹಿಡಿಯದಿರುವುದೇ ಸುಖ.

ಆದ್ದರಿಂದ ನನ್ನ ಲೆಕ್ಕದಲ್ಲಿ ಗೆರೆ ಎಳೆಯಬೇಕಾದದ್ದು ಹೊಸದು ಮತ್ತು ಹಳೆಯದರ ನಡುವೆ ಅಲ್ಲ, ಈ ಎಂಜಿನ್ ಬರುವ ಮುಂಚೆ ಮತ್ತು ಬಂದ ನಂತರ. ಮೂರು ನಾಲ್ಕು ವರ್ಷ ಓಡಿದ ಬ್ಯಾಲೆನ್ಸರ್ ಇರುವ ಗಾಡಿಯನ್ನು ಕೊಂಡು, ಉಳಿದ ದುಡ್ಡಿನಲ್ಲಿ ಶಾಕ್ಸ್, ಟೈರು, ಫೋರ್ಕ್ ಆಯಿಲ್ ಹೊಸದು ಮಾಡಿಸಿಕೊಂಡರೆ ಷೋರೂಮಿನ ಗಾಡಿಗಿಂತ ಸುಖ ಕಡಿಮೆಯಾಗದು. ಊರೊಳಗೆ ಹತ್ತು ಕಿಲೋಮೀಟರ್ ಓಡಾಡುವವರಿಗೆ ಅದೂ ಬೇಡ, ಚೆನ್ನಾಗಿ ನೋಡಿಕೊಂಡ ಹಳೆಯ ಕ್ಲಾಸಿಕ್ ಸಾಕು.

ನೋಡುವಾಗ ಮೊದಲು ಹಿಂದಿನ ಹಿಡಿಕೆ ಹಿಡಿದು ಮೈಭಾರ ಹಾಕಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಲ್ಲಬೇಕು, ಮತ್ತೆ ಇಳಿದು ಎದ್ದರೆ ಎಣ್ಣೆ ಸತ್ತಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂಚಕ್ರ ನೆಲ ಬಿಟ್ಟಾಗ ಚಕ್ರದ ನಡುಗಂಬಿಯಿಂದ ನೇರ ಮೇಲಿನ ಸೀಟಿನ ಅಂಚಿಗೆ ಟೇಪು ಹಿಡಿದು ಬರೆದುಕೊಳ್ಳಿ. ಆಮೇಲೆ ಸ್ಟ್ಯಾಂಡಿನಿಂದ ಇಳಿಸಿ, ನೀವು ಹತ್ತಿ ಕುಳಿತು ಇನ್ನೊಬ್ಬರಿಂದ ಅಳೆಯಿಸಿ. ಹಳೆಯ ಕ್ಲಾಸಿಕ್ಕಿನ ಹಿಂಚಕ್ರಕ್ಕೆ ಒಟ್ಟು 80 ಮಿಲಿಮೀಟರ್ ಏರಿಳಿತವಿದೆ. ನೀವು ಕುಳಿತಾಗ ಅದರಲ್ಲಿ ಕಾಲು ಭಾಗದಿಂದ ಮೂರನೆಯ ಒಂದರವರೆಗೆ, 20ರಿಂದ 27 ಮಿಲಿಮೀಟರ್, ಇಳಿದರೆ ಸರಿ. 40 ಇಳಿದರೆ ಗುಂಡಿಗೆ ಬಿದ್ದಾಗ ಶಾಕ್ಸ್ ತಳ ಬಡಿಯುತ್ತದೆ. ಶಾಕ್ಸಿನ ಐದಾರು ಹಂತದ ಅಡ್ಜಸ್ಟರ್ ತಿರುಗಿಸಿದರೆ ಬದಲಾಗುವುದು ಈ ಎತ್ತರ ಮಾತ್ರ, ಸ್ಪ್ರಿಂಗಿನ ಗಡಸುತನ ಬದಲಾಗದು. ಮುಂಚಕ್ರ ಎತ್ತಿ ಹ್ಯಾಂಡಲ್ಲನ್ನು ಮೆಲ್ಲಗೆ ತಿರುಗಿಸಿದಾಗ ನಟ್ಟನಡುವೆ ಕಚ್ಚಿಕೊಂಡಂತಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗು, ಹೋಗಿದೆ. 2015ರ ಡಿಸೆಂಬರಿನ ಪ್ರವಾಹದಲ್ಲಿ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ವೇಳಚೇರಿ, ಪಳ್ಳಿಕರಣೆ ಕಡೆ ಮುಳುಗಿ ನಿಂತ ಗಾಡಿಗಳೆಷ್ಟೋ. ನೀರು ಹೊಕ್ಕ ಬೇರಿಂಗಿನಲ್ಲಿ ಗ್ರೀಸು ಕೆಟ್ಟು ತುಕ್ಕು ಕೂತಿರುತ್ತದೆ, ಹೊರಗಿನ ಪಾಲಿಶ್ ಅದನ್ನು ಹೇಳುವುದಿಲ್ಲ.

ಷೋರೂಮಿನ ಗಾಡಿಯನ್ನು ಓಡಿಸಿ ನೋಡುವಾಗಲೂ ಒಂದು ಎಚ್ಚರ ಬೇಕು. ಹೊಸ ಸೀಲು, ಹೊಸ ಬುಷ್ ಬಿಗಿಯಾಗಿರುವುದರಿಂದ ಮೊದಲ ಕೆಲವು ನೂರು ಕಿಲೋಮೀಟರ್ ಸಸ್ಪೆನ್ಷನ್ ತುಸು ಒರಟಾಗಿಯೇ ಇರುತ್ತದೆ, ಆಮೇಲೆ ಬಿಡಿಸಿಕೊಳ್ಳುತ್ತದೆ. ಅಣ್ಣಾ ಸಾಲೈಯ ನುಣುಪಿನಲ್ಲಿ ಒಂದು ಸುತ್ತು ಹೊಡೆದು ಬಂದರೆ ಏನೂ ತಿಳಿಯದು, ಮೆಟ್ರೊ ಅಗೆದ ರಸ್ತೆಗೇ ಒಯ್ಯಿರಿ. ಹೋಗುವಾಗ ಮುಂದೆ ನಿಮ್ಮ ಹಿಂದೆ ಕೂರಲಿರುವವರನ್ನು, ಹೆಂಡತಿಯೋ ಅಮ್ಮನೋ, ಕೂರಿಸಿಕೊಂಡೇ ಹೋಗಿ. ಸವಾರ ಕೂರುವುದು ಎರಡು ಚಕ್ರಗಳ ನಡುವೆ, ಹಿಂಚಕ್ರ ಎರಡು ಇಂಚು ಎದ್ದರೆ ಅವನು ಏಳುವುದು ಸುಮಾರು ಒಂದು ಇಂಚು. ಹಿಂದೆ ಕೂತವರು ಹೆಚ್ಚುಕಡಿಮೆ ಹಿಂಚಕ್ರದ ನೆತ್ತಿಯ ಮೇಲೇ ಇರುತ್ತಾರೆ, ಎರಡು ಇಂಚೂ ಅವರ ಪಾಲಿಗೇ. ಅಡ್ಜಸ್ಟರನ್ನು ಒಂದೆರಡು ಹಂತ ಏರಿಸಿ, ಟೈರಿನ ಗಾಳಿಯನ್ನು ಇಬ್ಬರ ಭಾರಕ್ಕೆ ಕೈಪಿಡಿ ಹೇಳಿದಷ್ಟಕ್ಕೆ ಹೊಂದಿಸಿ, ಅದೇ ರಸ್ತೆಯಲ್ಲಿ ಇನ್ನೊಮ್ಮೆ ಓಡಿಸಿ, ಹೇಗಿತ್ತು ಎಂದು ಅವರನ್ನು ಕೇಳಿ.