ಸಿಂಗಳೀಕ ಮತ್ತು ಶ್ರೀಗಂಧ: ವರ್ಗೀಕರಣ ಹಾಗೂ ಸಂರಕ್ಷಣಾ ಸ್ಥಿತಿ

ಜೀವಿಯೊಂದರ ವೈಜ್ಞಾನಿಕ ವರ್ಗೀಕರಣವು ಅದರ ಬಂಧುತ್ವವನ್ನು ಸೂಚಿಸುತ್ತದೆ. ಸಂರಕ್ಷಣಾ ಸ್ಥಿತಿಯು ಅದು ಎದುರಿಸುತ್ತಿರುವ ಅಪಾಯದ ಪ್ರಮಾಣವನ್ನು ತಿಳಿಸುತ್ತದೆ. ಇವೆರಡೂ ಬೇರೆ ಬೇರೆ ಎಂಬುದನ್ನು ರಾಜ್ಯದ ಎರಡು ಪ್ರಭೇದಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ಸಿಂಗಳೀಕವು (ಮಕಾಕಾ ಸೈಲೀನಸ್) ಸಸ್ತನಿ ವರ್ಗದ ಪ್ರೈಮೇಟ್ ಗಣಕ್ಕೆ ಸೇರಿದ್ದು, ಪಶ್ಚಿಮ ಘಟ್ಟಗಳನ್ನು ಬಿಟ್ಟರೆ ಬೇರೆಲ್ಲಿಯೂ ಸ್ವಾಭಾವಿಕವಾಗಿ ಕಂಡುಬರುವುದಿಲ್ಲ. ರಾಜ್ಯ ವೃಕ್ಷವಾದ ಶ್ರೀಗಂಧವು (ಸ್ಯಾಂಟಲಮ್ ಆಲ್ಬಮ್) ಸ್ಯಾಂಟಲೇಸಿ ಕುಟುಂಬದ ಸಸ್ಯ. ಇದು ಅರೆಪರಾವಲಂಬಿಯಾಗಿದ್ದು, ನೆರೆಯ ಗಿಡಮರಗಳ ಬೇರುಗಳಿಂದ ನೀರು ಮತ್ತು ಲವಣಾಂಶಗಳನ್ನು ಪಡೆಯುತ್ತದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಸಿಂಗಳೀಕವು 'ಅಳಿವಿನಂಚಿನಲ್ಲಿರುವ' ಪ್ರಭೇದವಾಗಿದೆ. ಶ್ರೀಗಂಧವು ಅದಕ್ಕಿಂತ ಒಂದು ಹಂತ ಕಡಿಮೆ ಅಪಾಯದ, 'ಅಪಾಯಕ್ಕೀಡಾಗಬಲ್ಲ' ಎಂಬ ವಿಭಾಗದಲ್ಲಿದೆ.

ಪಟ್ಟಿ ಒಂದೇ ಆದರೂ ಅಪಾಯದ ಕಾರಣಗಳು ಒಂದೇ ಅಲ್ಲ. ಊರು, ದೇವಸ್ಥಾನಗಳಲ್ಲಿ ಕಾಣುವ ಸಾಮಾನ್ಯ ಮಂಗವೂ ಸಿಂಗಳೀಕದ ಕುಲಕ್ಕೇ ಸೇರಿದ್ದು. ಆದರೆ ಮಂಗದಂತೆ ಊರಿನಲ್ಲಿ ಬದುಕುವುದು ಸಿಂಗಳೀಕಕ್ಕೆ ಸಾಧ್ಯವಿಲ್ಲ. ಬಹುಪಾಲು ಸಮಯವನ್ನು ಮರಗಳ ಮೇಲೆಯೇ ಕಳೆಯುವ ಇದಕ್ಕೆ ಕೊಂಬೆಗೆ ಕೊಂಬೆ ಕೂಡಿದ ನಿತ್ಯಹರಿದ್ವರ್ಣ ಕಾಡು ಬೇಕು. ರಸ್ತೆ ಅಥವಾ ವಿದ್ಯುತ್ ಮಾರ್ಗಕ್ಕಾಗಿ ಕಾಡು ಸೀಳಿದಾಗ ಗುಂಪುಗಳು ಪರಸ್ಪರ ಬೇರ್ಪಡುತ್ತವೆ. ಸಾಮಾನ್ಯವಾಗಿ ಒಂದು ಹೆರಿಗೆಗೆ ಒಂದೇ ಮರಿ ಹುಟ್ಟುವುದರಿಂದ ಸಂಖ್ಯೆಯ ಚೇತರಿಕೆಯೂ ನಿಧಾನ. ಆದುದರಿಂದಲೇ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಪ್ರದೇಶವನ್ನೂ, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನೂ ಘೋಷಿಸಲಾಯಿತು.

ಶ್ರೀಗಂಧಕ್ಕೆ ಅದರ ಬೆಲೆಯೇ ಮುಳುವು. ಸುವಾಸನೆಯ ತಿರುಳು ಬಲಿತ ಮರದಲ್ಲಿ ಹೆಚ್ಚಿರುವುದರಿಂದ ಕಳ್ಳರು ಬೀಜ ಬಿಡುವ ದೊಡ್ಡ ಮರಗಳನ್ನೇ ಮೊದಲು ಕಡಿಯುತ್ತಾರೆ. ಬೇರಿನಲ್ಲಿಯೂ ಎಣ್ಣೆ ಇರುವ ಕಾರಣ ಬುಡವನ್ನೂ ಅಗೆಯುತ್ತಾರೆ. ಇದರೊಂದಿಗೆ ಕಾಡಿನ ಬೆಂಕಿ ಹಾಗೂ 1899ರಲ್ಲಿ ಕೊಡಗಿನಲ್ಲಿ ಮೊದಲು ವರದಿಯಾದ ಸ್ಪೈಕ್ ರೋಗವೂ ಹಾನಿಯುಂಟುಮಾಡಿವೆ.

ಕಾನೂನಿನ ಕ್ರಮವೂ ಭಿನ್ನ. ಸಿಂಗಳೀಕವು ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಒಂದನೇ ಅನುಸೂಚಿಯಲ್ಲಿದ್ದು, ಅದನ್ನು ಬೇಟೆಯಾಡುವುದು ಶಿಕ್ಷಾರ್ಹ ಅಪರಾಧ. ಶ್ರೀಗಂಧವನ್ನು ಬೆಳೆಸುವುದಕ್ಕೆ ಮಾತ್ರ ಪ್ರೋತ್ಸಾಹವೇ ಇದೆ. ಹಿಂದೆ ಸ್ವಂತ ಜಮೀನಿನಲ್ಲಿ ಬೆಳೆದ ಗಂಧದ ಮರದ ಮೇಲೂ ಮಾಲೀಕನಿಗೆ ಹಕ್ಕಿರಲಿಲ್ಲವಾಗಿ, ಸಸಿ ಕಂಡರೆ ಕಿತ್ತೆಸೆಯುವ ರೈತರೂ ಇದ್ದರು. ಕರ್ನಾಟಕ ಅರಣ್ಯ ಕಾಯ್ದೆ, 1963ಕ್ಕೆ 2001ರಲ್ಲಿ ತಂದ ತಿದ್ದುಪಡಿಯಿಂದ ಆ ಮರ ಭೂಮಾಲೀಕನದೇ ಆಯಿತು. ಆದಾಗ್ಯೂ ಅದನ್ನು ಕಡಿಯುವ ಮತ್ತು ಸಾಗಿಸುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು.