ರಾಸಾಯನಿಕ ಭಯೋತ್ಪಾದನೆ: ಜಗತ್ತಿನ ಕಟ್ಟುಪಾಡು, ನಮ್ಮ ಎಚ್ಚರ

ಹೊಲಕ್ಕೆ ಔಷಧಿ ಹೊಡೆಯುವಾಗ ವಿಷ ಮೈಗೆ ತಾಗಿ ಅಸ್ವಸ್ಥರಾದವರ ಸಂಗತಿ ನಮ್ಮ ಊರುಗಳಿಗೆ ಹೊಸದಲ್ಲ. ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟು ಕಿರಿದಾಗುವುದು, ಬಾಯಲ್ಲಿ ಜೊಲ್ಲು ಸುರಿಯುವುದು, ಸ್ನಾಯುಗಳು ಅದುರುವುದು, ಉಸಿರು ಕಟ್ಟುವುದು ಇದರ ಲಕ್ಷಣಗಳು. ಇಂತಹ ಕೀಟನಾಶಕಗಳಲ್ಲಿ ಹಲವು ಸಾವಯವ ರಂಜಕದ ಸಂಯುಕ್ತಗಳು. ಭಯೋತ್ಪಾದಕರು ಬಳಸಿದ ಸಾರಿನ್ ಎಂಬ ನರವಿಷವೂ ಇದೇ ಕುಲಕ್ಕೆ ಸೇರಿದ್ದು. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ವಿಜ್ಞಾನಿ ಹೊಸ ಕೀಟನಾಶಕವನ್ನು ಅರಸುತ್ತಿದ್ದಾಗ ಈ ನರವಿಷಗಳು ಬೆಳಕಿಗೆ ಬಂದವು. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ದ್ರವ್ಯವನ್ನು, ಅದರ ಕೆಲಸ ಮುಗಿದೊಡನೆ ಒಡೆದುಹಾಕುವ ಕಿಣ್ವವೊಂದು ನಮ್ಮ ದೇಹದಲ್ಲಿದೆ. ಈ ವಿಷಗಳು ಆ ಕಿಣ್ವವನ್ನೇ ನಿಷ್ಕ್ರಿಯಗೊಳಿಸುತ್ತವೆ. ಎರಡಕ್ಕೂ ಮೊದಲ ಮದ್ದು ಅಟ್ರೋಪಿನ್ ಚುಚ್ಚುಮದ್ದು.

ಟೋಕಿಯೋ ಕಲಿಸಿದ ಪಾಠ

1995ರ ಮಾರ್ಚ್ 20ರ ಬೆಳಿಗ್ಗೆ, ಜನರು ಕೆಲಸಕ್ಕೆ ಹೊರಟ ವೇಳೆಯಲ್ಲಿ, ಓಂ ಶಿನ್ರಿಕ್ಯೋ ಎಂಬ ಪಂಥದವರು ಟೋಕಿಯೋದ 5 ಸುರಂಗ ರೈಲುಗಳಲ್ಲಿ ಸಾರಿನ್ ತುಂಬಿದ ಚೀಲಗಳನ್ನು ಕೊಡೆಯ ತುದಿಯಿಂದ ಚುಚ್ಚಿದರು. ಹನ್ನೆರಡಕ್ಕಿಂತ ಹೆಚ್ಚು ಮಂದಿ ಸತ್ತರು; 5,000ಕ್ಕೂ ಮಿಕ್ಕಿದ ಜನ ಆಸ್ಪತ್ರೆಗಳಿಗೆ ಧಾವಿಸಿದರು. ಅವರಲ್ಲಿ ಬಹುಮಂದಿ ಆಂಬುಲೆನ್ಸಿಗೆ ಕಾಯದೆ, ತೊಟ್ಟ ಬಟ್ಟೆಯಲ್ಲೇ ನಡೆದೋ ಟ್ಯಾಕ್ಸಿಯಲ್ಲೋ ಬಂದವರು. ಬಟ್ಟೆಗೆ ಅಂಟಿದ ವಿಷ ಅವರೊಡನೆ ಆಸ್ಪತ್ರೆಯ ಒಳಕ್ಕೂ ಬಂದಿತು. ಆರೈಕೆಗೆ ನಿಂತ ವೈದ್ಯರು, ದಾದಿಯರಲ್ಲಿ ಹಲವರ ಕಣ್ಣು ಮಂಜಾಯಿತು. ವಿಷ ಯಾವುದೆಂಬುದೇ ಮೊದಲು ತಿಳಿಯಲಿಲ್ಲ. ಹಿಂದಿನ ವರ್ಷ ಮಾತ್ಸುಮೋಟೋ ನಗರದಲ್ಲಿ ಇದೇ ವಿಷಕ್ಕೆ ಚಿಕಿತ್ಸೆ ನೀಡಿದ್ದ ವೈದ್ಯರು ಲಕ್ಷಣಗಳನ್ನು ಗುರುತಿಸಿ ಟೋಕಿಯೋದ ಆಸ್ಪತ್ರೆಗಳಿಗೆ ತಿಳಿಸಿದುದು ದೊಡ್ಡ ಉಪಕಾರವಾಯಿತು.

ರಾಷ್ಟ್ರಗಳ ಒಪ್ಪಂದ

1925ರ ಜಿನೀವಾ ಒಪ್ಪಂದ ಯುದ್ಧದಲ್ಲಿ ವಿಷಾನಿಲದ ಬಳಕೆಯನ್ನು ನಿಷೇಧಿಸಿತೇ ಹೊರತು ತಯಾರಿಕೆಯನ್ನಲ್ಲ. 1997ರ ಏಪ್ರಿಲ್ 29ರಂದು ಜಾರಿಗೆ ಬಂದ ರಾಸಾಯನಿಕ ಅಸ್ತ್ರಗಳ ಒಡಂಬಡಿಕೆ ತಯಾರಿಕೆ, ಸಂಗ್ರಹ, ಬಳಕೆ ಮೂರನ್ನೂ ನಿಷೇಧಿಸಿತು. 193 ರಾಷ್ಟ್ರಗಳು ಇದರ ಸದಸ್ಯರು. ಇದರ ಸಂಸ್ಥೆ ಹೇಗ್ ನಗರದಲ್ಲಿದೆ. ಭಾರತ ತನ್ನ ಸಂಗ್ರಹವನ್ನು 2009ರಲ್ಲಿ ನಾಶಪಡಿಸಿ ಮುಗಿಸಿತು. ಸದಸ್ಯ ರಾಷ್ಟ್ರಗಳು ಘೋಷಿಸಿದ್ದ ಸಂಗ್ರಹದ ಕೊನೆಯ ಭಾಗ 2023ರ ಜುಲೈಯಲ್ಲಿ ಅಮೆರಿಕದಲ್ಲಿ ನಾಶವಾಯಿತು.

ಆದರೆ ಭಯೋತ್ಪಾದಕರು ಒಪ್ಪಂದಕ್ಕೆ ಸಹಿ ಹಾಕುವವರಲ್ಲ. ಆದುದರಿಂದ ಪ್ರತಿಯೊಂದು ರಾಷ್ಟ್ರವೂ ಇಂತಹ ಅಸ್ತ್ರದ ತಯಾರಿಕೆಯನ್ನು ತನ್ನ ಪ್ರಜೆಗಳ ಪಾಲಿಗೂ ಅಪರಾಧವೆಂದು ಸಾರಬೇಕೆಂದು ಒಡಂಬಡಿಕೆ ವಿಧಿಸುತ್ತದೆ. ನಮ್ಮ ಕಾನೂನು 2000ದಲ್ಲಿ ಬಂದಿತು. ಮೊದಲ ಮಹಾಯುದ್ಧದಲ್ಲಿ ಸಾವಿರಾರು ಜನರನ್ನು ಕೊಂದ ಫಾಸ್ಜೀನ್ ಇಂದು ಪ್ಲಾಸ್ಟಿಕ್, ಕೀಟನಾಶಕಗಳ ತಯಾರಿಕೆಗೂ ಬೇಕು. ಆದ್ದರಿಂದಲೇ ಕಾರ್ಖಾನೆಗಳು ಇಂತಹ ರಾಸಾಯನಿಕಗಳ ಲೆಕ್ಕ ಒಪ್ಪಿಸಬೇಕು, ತಪಾಸಣೆಗೂ ಒಳಪಡಬೇಕು. ಇವು ಭಯೋತ್ಪಾದಕರ ಕೈಸೇರದಂತೆ ಕಾಯುವ ಹೊಣೆಯನ್ನು ಭದ್ರತಾ ಮಂಡಳಿಯು 2004ರ 1540ನೆಯ ನಿರ್ಣಯದಿಂದ ಎಲ್ಲ ರಾಷ್ಟ್ರಗಳ ಮೇಲೆ ಹೊರಿಸಿದೆ. ದಾಳಿಗೆ ತುತ್ತಾದ ರಾಷ್ಟ್ರ ಕೇಳಿದರೆ ತಜ್ಞರ ತಂಡವನ್ನು ಕಳುಹಿಸುವ ಏರ್ಪಾಡೂ ಹೇಗ್ ಸಂಸ್ಥೆಯಲ್ಲಿದೆ.

ಪುಣೆಯಲ್ಲಿ ನಾವು

ಹೇಗ್‌ನ ನೆರವು ಮೊದಲ ಗಂಟೆಯಲ್ಲಿ ತಲುಪದು. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ 5ನೆಯ ಬೆಟಾಲಿಯನ್ ಪುಣೆಯ ಸಮೀಪದ ಸುದುಂಬರೆಯಲ್ಲಿರುವುದೂ, ದಾಪೋಡಿಯ ಮಿಲಿಟರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿಷಾನಿಲದಿಂದ ರಕ್ಷಣೆಯ ತರಬೇತಿ ನಡೆಯುವುದೂ ನಮ್ಮ ಭಾಗ್ಯ. ಆದರೂ ಆ ಪಡೆ ಬಂದು ಮುಟ್ಟುವವರೆಗಿನ ಹೊತ್ತು ನಮ್ಮದು. ಈಗ ಪುಣೆಯಲ್ಲೂ ಮೆಟ್ರೋ ಸುರಂಗದಲ್ಲಿ ಓಡುತ್ತಿದೆ. ನಮ್ಮಲ್ಲಿ ಅನೇಕರ ದುಡಿಮೆ ಕಾರ್ಖಾನೆಗಳ ನಡುವೆಯೇ ಇದೆ. ಅನಿಲ ಸೋರಿಕೆ ಅಪಘಾತವಾದರೂ ಕೃತ್ಯವಾದರೂ ಮೊದಲು ಮಾಡಬೇಕಾದುದು ಒಂದೇ:

1. ಕಟ್ಟಡದೊಳಗೆ ವಿಷ ಹರಡಿದರೆ ಕೂಡಲೇ ಹೊರಬಂದು, ಗಾಳಿ ಬೀಸಿ ಬರುವ ದಿಕ್ಕಿನ ಕಡೆ ದೂರ ಸರಿಯಬೇಕು. ಹೊರಗೆ ಹರಡಿದರೆ ಒಳಗಿದ್ದು ಬಾಗಿಲು, ಕಿಟಕಿ ಮುಚ್ಚಿ, ಫ್ಯಾನು ಮತ್ತು ಎ.ಸಿ. ಆರಿಸಬೇಕು.

2. ಕ್ಲೋರಿನ್, ಸಾರಿನ್‌ಗಳ ಆವಿ ಗಾಳಿಗಿಂತ ಭಾರ. ಆದುದರಿಂದ ತಗ್ಗಿನಲ್ಲಾಗಲಿ ನೆಲಮಾಳಿಗೆಯಲ್ಲಾಗಲಿ ಅಡಗಬಾರದು.

3. ಮೇಲುಡುಪನ್ನು ಕಳಚಬೇಕು, ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆಯುವುದು ಲೇಸು. ವಿಷದ ಬಹುಪಾಲು ಅದರೊಡನೆಯೇ ಹೋಗುತ್ತದೆ. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು.

4. ಮೈಯನ್ನು ಉಜ್ಜದೆ ಸಾಬೂನು, ಧಾರಾಳ ನೀರಿನಿಂದ ತೊಳೆಯಬೇಕು; ಕಣ್ಣನ್ನು ಬರಿಯ ನೀರಿನಿಂದ ತೊಳೆಯಬೇಕು.

5. 112ಕ್ಕೆ ಕರೆ ಮಾಡಿ, ಕಂಡ ಲಕ್ಷಣಗಳನ್ನು ಸ್ಪಷ್ಟವಾಗಿ ಹೇಳಬೇಕು. ಆಸ್ಪತ್ರೆಯ ಬಾಗಿಲಲ್ಲೇ ‘ವಿಷಾನಿಲ ತಾಗಿದೆ’ ಎಂದು ತಿಳಿಸಬೇಕು.

ಬೆಂಕಿ ಬಿದ್ದಾಗ ಬಾವಿ ತೋಡಿ ಫಲವಿಲ್ಲ. ಈ ಐದು ಮಾತುಗಳನ್ನು ಇಂದೇ ಮನೆಯವರೆಲ್ಲರಿಗೂ, ಮಕ್ಕಳಿಗೂ ತಿಳಿಸಿರಿ. ಟೋಕಿಯೋದ ದಾದಿಯರಿಗೆ ಒದಗಿದ ಕಷ್ಟ ನಮ್ಮನ್ನು ಆರೈಕೆ ಮಾಡುವವರಿಗೆ ಒದಗದಂತೆ ನೋಡಿಕೊಳ್ಳುವುದೂ ನಮ್ಮ ಕರ್ತವ್ಯ.